ಚಪ್ಪಡಿ ಕಲ್ಲಿನ ಹೆಜ್ಜೆಗಳು, ಲಕೋಟೆ ಇಲ್ಲದ ಪತ್ರಗಳು

ಪ್ರಶ್ನೆ: ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನ ಅಧ್ಯಕ್ಷರಾಗಿದ್ದ ಎಡ್ವರ್ಡ್ ಹಿಚ್‌ಕಾಕ್ ಅವರ ಪತ್ರಗಳನ್ನು ಓದಲು ಶುರು ಮಾಡಿದ್ದೇನೆ. ಕಲ್ಲಿನ ಮೇಲಿನ ಡೈನೊಸಾರ್ ಹೆಜ್ಜೆಗಳನ್ನು ಕಂಡುಹಿಡಿದವರು ಅವರೇ ಅಂತ ಒಂದು ಕಡೆ ಇದೆ. ಜೇಮ್ಸ್ ಡೀನ್ ಅನ್ನುವ ಡಾಕ್ಟರ್ ಅಂತ ಇನ್ನೊಂದು ಕಡೆ ಇದೆ. ಪತ್ರಗಳು ಯಾರ ಪರ? ಇನ್ನೊಂದು: ಅವರು ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ದುಡ್ಡು, ಕಟ್ಟಡ, ಹುದ್ದೆ ಇವುಗಳ ಮಾತೇ ಜಾಸ್ತಿ. ಆ ಭಾಗ ಬಿಟ್ಟು ಓದಬಹುದಾ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಬಿಡಬೇಡಿ. ಕಾರಣ ಮುಂದೆ ಬರುತ್ತದೆ. ಮೊದಲ ಪ್ರಶ್ನೆ ಮಾತ್ರ ಸ್ವಲ್ಪ ಕೂತು ಮಾತಾಡಬೇಕಾದದ್ದು.

1835ರ ಮಾರ್ಚ್ ತಿಂಗಳಿಗೆ ಹೋಗೋಣ. ಮ್ಯಾಸಚೂಸೆಟ್ಸ್ ರಾಜ್ಯದ ಗ್ರೀನ್‌ಫೀಲ್ಡ್ ಅನ್ನುವ ಊರು. ಕನೆಕ್ಟಿಕಟ್ ನದಿಯ ಕಣಿವೆಯಲ್ಲಿದೆ. ಅಲ್ಲಿ ಕಾಲುದಾರಿಗೆ ಚಪ್ಪಡಿ ಕಲ್ಲು ಹಾಸುತ್ತಿದ್ದರು. ಹತ್ತಿರದ ಟರ್ನರ್ಸ್ ಫಾಲ್ಸ್ ಕಡೆಯಿಂದ ತಂದ ಕೆಂಪು ಮರಳುಗಲ್ಲು. ಅದರ ಮೇಲೆ ಮೂರು ಬೆರಳಿನ ಗುರುತುಗಳಿದ್ದವು. ಯಾವುದೋ ದೊಡ್ಡ ಕೋಳಿ ಒದ್ದೆ ಮಣ್ಣಿನಲ್ಲಿ ನಡೆದುಹೋದ ಹಾಗೆ. ಊರಿನ ಡಾಕ್ಟರ್ ಜೇಮ್ಸ್ ಡೀನ್ ಅದನ್ನು ನೋಡಿದರು. ಅವರಿಗೆ ಇದು ಸುಮ್ನೆ ಬಿಡುವ ವಿಷಯ ಅನ್ನಿಸಲಿಲ್ಲ. ಮಾರ್ಚ್ 7ರಂದು ಆಮ್ಹರ್ಸ್ಟ್‌ನ ಹಿಚ್‌ಕಾಕ್ ಅವರಿಗೆ ಪತ್ರ ಬರೆದರು. ಒಂದು ಕಲ್ಲಿನ ಮೇಲೆ ಟರ್ಕಿ ಕೋಳಿಯ ಹೆಜ್ಜೆಗಳಿವೆ ಅಂತ ನನಗೆ ಕಾಣುತ್ತದೆ ಅನ್ನುವುದು ಆ ಪತ್ರದ ಸಾರ.

ಆಗ ಹಿಚ್‌ಕಾಕ್ ಇನ್ನೂ ಅಧ್ಯಕ್ಷರಲ್ಲ. ರಸಾಯನಶಾಸ್ತ್ರ ಮತ್ತು ನಿಸರ್ಗ ವಿಜ್ಞಾನದ ಪ್ರೊಫೆಸರ್. ರಾಜ್ಯದ ಭೂವಿಜ್ಞಾನ ಸಮೀಕ್ಷೆ ಮಾಡಿ 1833ರಲ್ಲಿ ದೊಡ್ಡ ವರದಿ ಕೊಟ್ಟಿದ್ದವರು. ಆ ಕಣಿವೆಯ ಕಲ್ಲನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅವರ ಉತ್ತರ ಏನಿತ್ತು ಗೊತ್ತಾ? ಅನುಮಾನ. ಮರಳುಗಲ್ಲಿನಲ್ಲಿ ಇಂಥ ವಿಚಿತ್ರ ಆಕಾರಗಳು ತಾವಾಗಿಯೇ ಮೂಡುವುದುಂಟು, ಇದೂ ಹಾಗೇ ಇರಬಹುದು ಅಂದರು. ಡೀನ್ ಸುಮ್ಮನಾಗಲಿಲ್ಲ. ಮತ್ತೆ ಬರೆದರು. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಕಳಿಸಿದರು. ಯೇಲ್ ಕಾಲೇಜಿನ ಪ್ರೊಫೆಸರ್ ಬೆಂಜಮಿನ್ ಸಿಲಿಮನ್ ಅವರಿಗೂ ಬರೆದರು. ಕೊನೆಗೆ ಹಿಚ್‌ಕಾಕ್ ಸ್ವತಃ ಹೋಗಿ ಕಲ್ಲು ನೋಡಿದರು. ಅಲ್ಲಿಂದ ಅವರಿಗೆ ಹಿಡಿದ ಹುಚ್ಚು ಸಾಯುವವರೆಗೂ ಬಿಡಲಿಲ್ಲ. ಆ ವರ್ಷವಿಡೀ ಕಲ್ಲುಗಣಿಗಳನ್ನು ಸುತ್ತಿದರು. 1836ರ ಜನವರಿಯಲ್ಲಿ ಸಿಲಿಮನ್ ಅವರ ವಿಜ್ಞಾನ ಪತ್ರಿಕೆಯಲ್ಲಿ ದೊಡ್ಡ ಲೇಖನ ಬಂತು. ಏಳು ಬಗೆಯ ಹೆಜ್ಜೆಗಳ ವಿವರ, ಅಳತೆ, ಚಿತ್ರ ಎಲ್ಲ ಅದರಲ್ಲಿದ್ದವು. ಇವು ಹಕ್ಕಿಗಳ ಹೆಜ್ಜೆ, ಕೆಲವಂತೂ ಬಹಳ ದೊಡ್ಡ ಹಕ್ಕಿಗಳದ್ದು ಅಂತ ಅವರು ಹೇಳಿದರು.

ಮಾರ್ಚ್ ತಿಂಗಳ ಮೊದಲ ಪತ್ರ ಮಾತ್ರ ಓದಿದರೆ ಡೀನ್ ಗೆದ್ದರು ಅನ್ನಿಸುತ್ತದೆ. ಜನವರಿಯ ಲೇಖನ ಮಾತ್ರ ಓದಿದರೆ ಹಿಚ್‌ಕಾಕ್. ಪತ್ರ ಮತ್ತು ಅದರ ಉತ್ತರ ಎರಡನ್ನೂ ಅಕ್ಕಪಕ್ಕ ಇಟ್ಟು, ತಾರೀಕು ನೋಡುತ್ತಾ ಓದಿದರೆ ಕಾಣುವುದೇ ಬೇರೆ. ಇದು ಹೆಜ್ಜೆ ಅಂತ ಹಟ ಹಿಡಿದವರು ಡೀನ್. ಇಂಥ ಹೆಜ್ಜೆಗಳನ್ನು ಅಳೆದು, ಹೋಲಿಸಿ, ಹೆಸರಿಟ್ಟು ಒಂದು ಶಾಸ್ತ್ರವನ್ನಾಗಿ ಮಾಡಿದವರು ಹಿಚ್‌ಕಾಕ್. ಅವರ ಅನುಮಾನವನ್ನು ನಾನು ತಪ್ಪು ಅಂತ ಎಣಿಸುವುದಿಲ್ಲ. ಕಲ್ಲು ನೋಡದೆ ಹೌದು ಅಂದಿದ್ದರೆ ಅದೇ ತಪ್ಪಾಗುತ್ತಿತ್ತು.

ಇವರಿಬ್ಬರಿಗಿಂತ ಮೊದಲು ನೋಡಿದವರೂ ಇದ್ದಾರೆ. 1802ರ ಸುಮಾರಿಗೆ ಸೌತ್ ಹ್ಯಾಡ್ಲಿಯಲ್ಲಿ ಪ್ಲೈನಿ ಮೂಡಿ ಅನ್ನುವ ರೈತರ ಮನೆಯ ಹುಡುಗ ಹೊಲ ಉಳುವಾಗ ಇಂಥದೇ ಕಲ್ಲು ಎತ್ತಿದ್ದ. ಅದನ್ನು ಮನೆಯ ಬಾಗಿಲ ಮುಂದೆ ಹಾಸಿದ್ದರು. ಬೈಬಲ್ಲಿನ ಜಲಪ್ರಳಯದ ಕಥೆಯಲ್ಲಿ ನೋಹ ಹಾರಿಬಿಟ್ಟ ಕಾಗೆಯ ಹೆಜ್ಜೆ ಇದು ಅಂತ ಊರವರು ತಮಾಷೆ ಮಾಡುತ್ತಿದ್ದರಂತೆ. ಆ ಕಲ್ಲು ಈಗಲೂ ಆಮ್ಹರ್ಸ್ಟ್ ಕಾಲೇಜಿನ ಸಂಗ್ರಹಾಲಯದಲ್ಲಿದೆ. 1835ರ ಆ ಚಪ್ಪಡಿಗಳನ್ನು ಹಾಸುವಾಗ ಗುರುತು ಕಂಡವರಲ್ಲಿ ಡೆಕ್ಸ್‌ಟರ್ ಮಾರ್ಷ್ ಅನ್ನುವ ಕೂಲಿಯವರ ಹೆಸರೂ ಬರುತ್ತದೆ. ಮುಂದೆ ಅವರು ತಾವೇ ಕಲ್ಲು ಹುಡುಕುತ್ತಾ ಮನೆಯಲ್ಲೇ ಒಂದು ಸಂಗ್ರಹಾಲಯ ಮಾಡಿದರು. 1853ರಲ್ಲಿ ತೀರಿಕೊಂಡರು. ಅವರ ಕಲ್ಲುಗಳು ಹರಾಜಿಗೆ ಬಂದಾಗ ಹಿಚ್‌ಕಾಕ್ ಕಾಲೇಜಿಗಾಗಿ ಕೊಂಡುಕೊಂಡರು. ಪ್ರೊಫೆಸರ್‌ಗಳು ಪತ್ರ ಬರೆದರು, ಅವು ಉಳಿದವು. ಕಲ್ಲು ಎತ್ತಿದ ಕೈಗಳ ಪತ್ರ ಅಷ್ಟಾಗಿ ಉಳಿಯಲಿಲ್ಲ. ಯಾರು ಮೊದಲು ಅಂತ ಕೇಳುವಾಗ ನನ್ನ ಮನಸ್ಸು ಮತ್ತೆ ಮತ್ತೆ ಮಾರ್ಷ್ ಅವರ ಕಡೆಗೇ ಹೋಗುತ್ತದೆ.

ಹಾಗಾದರೆ ಜಗಳ ಯಾವಾಗ ಶುರುವಾಯಿತು? 1835ರಲ್ಲಿ ಅಲ್ಲ. ತಮ್ಮ ಲೇಖನದಲ್ಲಿ ಹಿಚ್‌ಕಾಕ್ ಡೀನ್ ಅವರ ಹೆಸರು ಹೇಳಿಯೇ ಇದ್ದರು. 1842ರಲ್ಲಿ ಡೀನ್ ಇಂಗ್ಲೆಂಡಿನ ಭೂವಿಜ್ಞಾನಿ ಗಿಡಿಯನ್ ಮ್ಯಾಂಟೆಲ್ ಅವರಿಗೆ ಪತ್ರವನ್ನೂ ಹೆಜ್ಜೆ ಇರುವ ಕಲ್ಲುಗಳನ್ನೂ ಕಳಿಸಿದರು. ಮ್ಯಾಂಟೆಲ್ ಅದನ್ನು ಲಂಡನ್ನಿನ ಭೂವಿಜ್ಞಾನ ಸಂಘದ ಮುಂದಿಟ್ಟರು. ಡೀನ್ ಹೆಸರು ಅಲ್ಲಿ ಕೇಳಿಬಂತು. ಆಗ ಯಾರಿಗೆ ಎಷ್ಟು ಶ್ರೇಯ ಅನ್ನುವ ಮಾತು ಎದ್ದಿತು. 1844ರಲ್ಲಿ ಇಬ್ಬರೂ ಸಿಲಿಮನ್ ಪತ್ರಿಕೆಯಲ್ಲೇ ಎದುರುಬದುರು ಬರೆದುಕೊಂಡರು. ಒಂಬತ್ತು ವರ್ಷ ಹಳೆಯ ಖಾಸಗಿ ಪತ್ರಗಳು ಸಾಕ್ಷಿಯಾಗಿ ಅಚ್ಚಾದವು. ಪಾಪ, ಸಿಲಿಮನ್ ಇಬ್ಬರಿಗೂ ಬೇಕಾದವರು. ಇಬ್ಬರ ಬರಹಕ್ಕೂ ಜಾಗ ಕೊಟ್ಟರು.

ನನಗೆ ಇಲ್ಲಿ ಬೇಸರ ತರುವುದು ಒಂದೇ. ಮೊದಲ ಪತ್ರಗಳಲ್ಲಿ ಇಬ್ಬರಿಗೂ ಕಲ್ಲಿನ ಮೇಲೆಯೇ ಕಣ್ಣು. 1844ರ ಬರಹದಲ್ಲಿ ಒಬ್ಬರಿಗೆ ಇನ್ನೊಬ್ಬರ ಮೇಲೆ ಕಣ್ಣು. ನೀವು ಓದುವಾಗ ಈ ವ್ಯತ್ಯಾಸ ಗಮನದಲ್ಲಿಟ್ಟುಕೊಳ್ಳಿ. ಒಂದೇ ಸಂಗತಿಯನ್ನು ಮಾರ್ಚ್ 1835ರ ಪತ್ರ ಹೇಳುವುದಕ್ಕೂ 1844ರಲ್ಲಿ ನೆನಪಿನಿಂದ ಹೇಳುವುದಕ್ಕೂ ಒಂದೇ ತೂಕ ಕೊಡಬೇಡಿ.

ಇನ್ನು ಪತ್ರ ಅನ್ನುವ ವಸ್ತುವಿನ ಬಗ್ಗೆಯೇ ಎರಡು ಮಾತು. ಇದು ಗೊತ್ತಿಲ್ಲದೆ ಓದಿದರೆ ತುಂಬ ತಪ್ಪಾಗುತ್ತದೆ. ನಮ್ಮ ಅಜ್ಜಂದಿರ ಕಾಲದ ಬೇರಿಂಗ್ ಪತ್ರದ ಬಗ್ಗೆ ಕೇಳಿದ್ದೀರಾ? ಸ್ಟಾಂಪ್ ಹಚ್ಚದೆ ಕಳಿಸಿದ ಪತ್ರಕ್ಕೆ ತೆಗೆದುಕೊಳ್ಳುವವರು ದುಡ್ಡು ಕೊಡಬೇಕಿತ್ತು. ಹಿಚ್‌ಕಾಕ್ ಅವರ ಮೊದಲರ್ಧ ಬದುಕಿನಲ್ಲಿ ಅಮೆರಿಕದ ಪತ್ರಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಸ್ಟಾಂಪೇ ಇರಲಿಲ್ಲ. ದೂರ ಮತ್ತು ಹಾಳೆಯ ಲೆಕ್ಕದಲ್ಲಿ ದರ. 30 ಮೈಲಿಯೊಳಗೆ ಒಂದು ಹಾಳೆಗೆ 6 ಸೆಂಟ್. 400 ಮೈಲಿ ದಾಟಿದರೆ 25 ಸೆಂಟ್. ಎರಡು ಹಾಳೆಯಾದರೆ ಎರಡರಷ್ಟು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಹಾಗಾಗಿ ಲಕೋಟೆ ಹಾಕುತ್ತಿರಲಿಲ್ಲ. ಬರೆದ ಹಾಳೆಯನ್ನೇ ಮಡಚಿ, ಅರಗು ಹಚ್ಚಿ, ಹೊರಗೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದೆ ಇದ್ದಾಗ ಅಂಚಿನಲ್ಲಿ ತಿರುಗಿಸಿ ಬರೆಯುತ್ತಿದ್ದರು. ನಾವು ಇನ್‌ಲ್ಯಾಂಡ್ ಲೆಟರಿನ ಮಡಿಕೆಯಲ್ಲಿ ಬರೆಯುತ್ತಿರಲಿಲ್ವಾ, ಹಾಗೆ. ಅಂಚಿನಲ್ಲಿ ತುರುಕಿದ ಮಾತನ್ನು ದಯವಿಟ್ಟು ಹಾರಿಸಬೇಡಿ. ಮನಸ್ಸಿನಲ್ಲಿದ್ದ ನಿಜವಾದ ಸುದ್ದಿ ಎಷ್ಟೋ ಸಲ ಅಲ್ಲೇ ಇರುತ್ತದೆ.

1845ರ ಜುಲೈಯಲ್ಲಿ ದರ ಇಳಿಯಿತು. 300 ಮೈಲಿಯವರೆಗೆ 5 ಸೆಂಟ್. ಹಾಳೆಯ ಬದಲು ತೂಕದ ಲೆಕ್ಕ. 1847ರಲ್ಲಿ ದೇಶಕ್ಕೆಲ್ಲ ನಡೆಯುವ ಮೊದಲ ಸ್ಟಾಂಪ್ ಬಂತು. ಹಿಚ್‌ಕಾಕ್ ಅಧ್ಯಕ್ಷರಾದದ್ದು ಅದೇ 1845ರ ಏಪ್ರಿಲ್‌ನಲ್ಲಿ. ಕಾಗದ ಕಳಿಸುವುದು ಅಗ್ಗವಾದ ಹೊತ್ತಿಗೇ ಅವರ ಮೇಲೆ ಕಾಗದದ ಕೆಲಸವೂ ಬಂದು ಬಿತ್ತು. ಆ ವರ್ಷದ ನಂತರ ಪತ್ರಗಳ ದನಿ ಬದಲಾಗಿದ್ದರೆ ಅದಕ್ಕೆ ಮನುಷ್ಯ ಬದಲಾದದ್ದಷ್ಟೇ ಕಾರಣ ಅಂದುಕೊಳ್ಳಬೇಡಿ.

ನೀವು ಬಿಡಬೇಕೆಂದಿರುವ ಪತ್ರಗಳಿಗೆ ಬರುತ್ತೇನೆ. ಅವರು ಅಧಿಕಾರ ವಹಿಸಿಕೊಂಡಾಗ ಆಮ್ಹರ್ಸ್ಟ್ ಕಾಲೇಜು ಸಾಲದಲ್ಲಿ ಮುಳುಗಿತ್ತು. ಶುರುವಾಗಿ 24 ವರ್ಷ ಆಗಿತ್ತಷ್ಟೆ. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಾ ಬಂದಿತ್ತು. ಪ್ರೊಫೆಸರ್‌ಗಳ ಸಂಬಳಕ್ಕೂ ಕಷ್ಟ. ಆಗಿನ ಕಾಲೇಜು ಅಧ್ಯಕ್ಷ ಅಂದರೆ ದೊಡ್ಡ ಕಚೇರಿ, ಸಹಾಯಕರು ಇರುವ ಸಾಹೇಬ ಅಲ್ಲ. ಪಾಠವನ್ನೂ ಮಾಡಬೇಕು, ಚರ್ಚಿನಲ್ಲಿ ಉಪದೇಶವನ್ನೂ ಕೊಡಬೇಕು, ಹುಡುಗರ ಶಿಸ್ತನ್ನೂ ನೋಡಬೇಕು, ದಾನಿಗಳ ಮುಂದೆ ಕೈಯನ್ನೂ ಚಾಚಬೇಕು. ಕಾಲೇಜಿನ ಖಜಾಂಚಿ ಎಡ್ವರ್ಡ್ ಡಿಕಿನ್ಸನ್ ಅನ್ನುವ ವಕೀಲರು. ಕವಿ ಎಮಿಲಿ ಡಿಕಿನ್ಸನ್ ಅವರ ತಂದೆ. ಹಿಚ್‌ಕಾಕ್ ಅವರ ಹೂಗಿಡಗಳ ಪುಸ್ತಕವನ್ನು ಚಿಕ್ಕಂದಿನಲ್ಲಿ ಓದುತ್ತಿದ್ದೆ, ಚಳಿಗಾಲದಲ್ಲಿ ಹೂ ಇಲ್ಲವಾದಾಗ ಅದು ಸಮಾಧಾನ ಕೊಡುತ್ತಿತ್ತು ಅಂತ ಎಮಿಲಿ 1877ರ ಒಂದು ಪತ್ರದಲ್ಲಿ ನೆನೆಸಿಕೊಂಡಿದ್ದಾರೆ. ಒಂದೇ ಸಣ್ಣ ಊರು ನೋಡಿ.

ದುಡ್ಡು ಬಂದದ್ದು ಎಲ್ಲಿಂದ? ಹತ್ತಿರದ ಈಸ್ಟ್‌ಹ್ಯಾಂಪ್ಟನ್‌ನಲ್ಲಿ ಸ್ಯಾಮ್ಯುಯೆಲ್ ವಿಲಿಸ್ಟನ್ ಅನ್ನುವವರಿದ್ದರು. ಅವರದ್ದು ಗುಂಡಿ ವ್ಯಾಪಾರ. ಅಂಗಿ ಕೋಟುಗಳಿಗೆ ಹಾಕುವ, ಬಟ್ಟೆ ಸುತ್ತಿದ ಗುಂಡಿ. ಹೆಂಡತಿ ಎಮಿಲಿ ಮನೆಯಲ್ಲಿ ಕೈಯಿಂದ ಮಾಡಲು ಶುರು ಮಾಡಿದ್ದು, ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು. ಆ ಗುಂಡಿಯ ದುಡ್ಡಿನಲ್ಲಿ 20,000 ಡಾಲರ್ ಕೊಟ್ಟು 1845ರಲ್ಲಿ ಒಂದು ಪ್ರೊಫೆಸರ್ ಹುದ್ದೆಯನ್ನು ಸ್ಥಾಪಿಸಿದರು. ಮುಂದೆ ಇನ್ನೂ ಕೊಟ್ಟರು. 1847ರಲ್ಲಿ ರಾಜ್ಯ ಸರ್ಕಾರ 25,000 ಡಾಲರ್ ಕೊಟ್ಟಿತು. 1854ರಲ್ಲಿ ಹಿಚ್‌ಕಾಕ್ ಅಧ್ಯಕ್ಷ ಸ್ಥಾನ ಬಿಡುವ ಹೊತ್ತಿಗೆ ಸಾಲ ತೀರಿತ್ತು. ಮರುವರ್ಷ ಹೆಜ್ಜೆ ಕಲ್ಲುಗಳಿಗಾಗಿಯೇ ಒಂದು ಕಟ್ಟಡ ಎದ್ದಿತು. ಬಾಸ್ಟನ್ನಿನ ವ್ಯಾಪಾರಿ ಸ್ಯಾಮ್ಯುಯೆಲ್ ಆ್ಯಪಲ್‌ಟನ್ ಬಿಟ್ಟುಹೋದ ಆಸ್ತಿಯಿಂದ ಅದಕ್ಕೆ 10,000 ಡಾಲರ್ ಸಿಕ್ಕಿತ್ತು.

ನೀವು ದುಡ್ಡಿನ ಪತ್ರ ಬಿಟ್ಟರೆ ಈ ಕೊಂಡಿ ಕೈತಪ್ಪುತ್ತದೆ. ಕಲ್ಲು ಸಿಗುವುದು ಒಂದು, ಅದನ್ನು ಇಡಲು ಸೂರು ಸಿಗುವುದು ಇನ್ನೊಂದು. ಡೀನ್ ಅವರಿಗೂ ಮಾರ್ಷ್ ಅವರಿಗೂ ಕಣ್ಣಿತ್ತು, ಶ್ರದ್ಧೆಯಿತ್ತು. ಬೆನ್ನಿಗೆ ಕಾಲೇಜು ಇರಲಿಲ್ಲ. ಹಿಚ್‌ಕಾಕ್ ಹೆಸರು ನಿಂತು ಉಳಿದದ್ದಕ್ಕೆ ಅವರ ಬುದ್ಧಿಯಷ್ಟೇ ಆ ಕಟ್ಟಡವೂ ಕಾರಣ ಅಂತ ನಾನು ನಂಬಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಎರಡನೆಯ ಪ್ರಶ್ನೆಯೊಳಗೇ ಇದೆ, ಅಲ್ವಾ?

ಅವರು ಎಲ್ಲಿಂದ ಬಂದವರು ಅನ್ನುವುದೂ ಮುಖ್ಯ. 1793ರಲ್ಲಿ ಡೀರ್‌ಫೀಲ್ಡ್‌ನಲ್ಲಿ ಹುಟ್ಟಿದರು. ತಂದೆ ಟೋಪಿ ಮಾಡುತ್ತಿದ್ದರು. ಬಡತನ. ಹಾರ್ವರ್ಡ್ ಸೇರುವ ಆಸೆಯಿತ್ತು. ಕೆಪ್ಪಟೆ ರೋಗ ಬಂದು ಕಣ್ಣಿಗೆ ತೊಂದರೆಯಾಯಿತು, ಆಸೆ ಅಲ್ಲೇ ನಿಂತಿತು. ಕಾಲೇಜಿನಲ್ಲಿ ಓದದೆ ಇದ್ದವರು ಒಂದು ಕಾಲೇಜಿಗೆ ಅಧ್ಯಕ್ಷರಾದರು. ಯುವಕರಾಗಿದ್ದಾಗ ಹಡಗಿನವರು ಬಳಸುವ ಒಂದು ಪಂಚಾಂಗದಲ್ಲಿ ತಪ್ಪು ತೋರಿಸಿದರೆ ಹತ್ತು ಡಾಲರ್ ಅಂತ ಪ್ರಕಾಶಕರು ಹೇಳಿದ್ದರು. ಇವರು ಲೆಕ್ಕ ಹಾಕಿ ತಪ್ಪುಗಳ ಪಟ್ಟಿಯನ್ನೇ ಕಳಿಸಿದರು. ಪ್ರಕಾಶಕರು ಕಿವಿಗೆ ಹಾಕಿಕೊಳ್ಳದೆ ಹೋದಾಗ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 1844ರಲ್ಲಿ ಡೀನ್ ಎದುರು ಕಾಣುವ ಹಟ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಈ ಹುಡುಗನನ್ನು ತೋರಿಸುತ್ತೇನೆ.

ಅವರ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಸಿಲಿಮನ್ ಜೊತೆಗಿನವು. 1817ರಲ್ಲಿ ಶುರು. ಆಗ ಹಿಚ್‌ಕಾಕ್ ಊರಿನ ಶಾಲೆಯ ಮೇಷ್ಟ್ರು. ತಾವು ಆರಿಸಿದ ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಕಳಿಸಿ ಇವು ಏನು ಹೇಳಿ ಅಂತ ಕೇಳಿದರು. ಸಿಲಿಮನ್ ದೊಡ್ಡ ಹೆಸರು. ಆದರೂ ಉತ್ತರ ಕೊಟ್ಟರು. ಮರುವರ್ಷ ಸಿಲಿಮನ್ ತಮ್ಮ ಪತ್ರಿಕೆ ಶುರು ಮಾಡಿದಾಗ ಅದರ ಮೊದಲ ಸಂಪುಟದಲ್ಲೇ ಹಿಚ್‌ಕಾಕ್ ಲೇಖನ ಬಂತು. ಆ ಪತ್ರವ್ಯವಹಾರ 1863ರವರೆಗೆ, 46 ವರ್ಷ ನಡೆಯಿತು. ಕಲ್ಲು, ಲೇಖನ, ದೇವರು, ಹೊಟ್ಟೆನೋವು ಎಲ್ಲವೂ ಅದರಲ್ಲಿವೆ. ಹೊಟ್ಟೆನೋವು ಅಂದದ್ದು ಸುಮ್ನೆ ಅಲ್ಲ. ಹಿಚ್‌ಕಾಕ್ ಅವರಿಗೆ ಅಜೀರ್ಣದ ಕಾಟ ಜೀವನಪೂರ್ತಿ. ಇನ್ನು ಹೆಚ್ಚು ದಿನ ಇರುವುದಿಲ್ಲ ಅಂತ ಹೇಳುತ್ತಲೇ 70 ವರ್ಷ ಬದುಕಿದರು. ಆ ಕಾಯಿಲೆ ತಡೆಯುವ ಬಗ್ಗೆ 1830ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸಿಲಿಮನ್ ಅವರಿಗೂ ಒಂದು ಕಾಲಕ್ಕೆ ಅದೇ ಕಷ್ಟ. ನಮ್ಮ ಹಿರಿಯರ ಪತ್ರಗಳಲ್ಲಿ ‘ಉಭಯ ಕುಶಲೋಪರಿ’ ಅಂತ ಒಂದೇ ಸಾಲಿನಲ್ಲಿ ಮುಗಿಯುವ ಕುಶಲದ ಮಾತು ಇವರಲ್ಲಿ ಪ್ಯಾರಾಗಟ್ಟಲೆ ಹೋಗುತ್ತದೆ. ಸಾವು ಹತ್ತಿರದಲ್ಲಿದೆ ಅಂದುಕೊಂಡವರು ಕೆಲಸಕ್ಕೆ ಎಷ್ಟು ಅವಸರ ಮಾಡುತ್ತಾರೆ ಅನ್ನುವುದು ಅಲ್ಲಿ ಕಾಣುತ್ತದೆ.

ದೇವರ ವಿಷಯ ಅವರಿಗೆ ಸಂಕಟದ್ದು. ಹಿಚ್‌ಕಾಕ್ ಮೊದಲು ಪಾದ್ರಿ, ಆಮೇಲೆ ಪ್ರೊಫೆಸರ್. ಭೂಮಿಗೆ ಬಹಳ ವಯಸ್ಸಾಗಿದೆ ಅಂತ ಕಲ್ಲು ಹೇಳುತ್ತದೆ. ಬೈಬಲ್ ಆರು ದಿನ ಅನ್ನುತ್ತದೆ. ಎರಡನ್ನೂ ಅವರು ಬಿಡಲು ತಯಾರಿರಲಿಲ್ಲ. ಆದಿಯ ಸೃಷ್ಟಿಗೂ ಆ ಆರು ದಿನಗಳಿಗೂ ನಡುವೆ ಎಷ್ಟೋ ಕಾಲ ಕಳೆದಿರಬಹುದು ಅನ್ನುವುದು ಅವರ ದಾರಿ. ಸಿಲಿಮನ್ ಆ ದಿನಗಳನ್ನೇ ಯುಗಗಳೆಂದು ಓದುತ್ತಿದ್ದರು. ಗೆಳೆಯರ ನಡುವೆ ಈ ಭೇದ ಇದ್ದೂ ಪತ್ರ ನಿಲ್ಲಲಿಲ್ಲ.

ಕೆಲವು ದನಿಗಳು ಈ ಕಟ್ಟಿನಲ್ಲಿ ಸಣ್ಣದಾಗಿ ಕೇಳುತ್ತವೆ. ಕಿವಿ ಕೊಡಿ. ಹೆಂಡತಿ ಓರಾ ವೈಟ್ ಹಿಚ್‌ಕಾಕ್ ಒಳ್ಳೆಯ ಚಿತ್ರಗಾರ್ತಿ. ಗಂಡನ ವರದಿಗಳ ಚಿತ್ರಗಳು, ಪಾಠಕ್ಕೆ ಬೇಕಾದ ದೊಡ್ಡ ದೊಡ್ಡ ಬಟ್ಟೆಯ ಚಿತ್ರಪಟಗಳು ಅವರ ಕೈಯವು. ಸೌತ್ ಹ್ಯಾಡ್ಲಿಯಲ್ಲಿ ಹೆಣ್ಣುಮಕ್ಕಳ ಓದಿಗೆ ಮೌಂಟ್ ಹೋಲಿಯೋಕ್ ಅನ್ನುವ ದೊಡ್ಡ ಸಂಸ್ಥೆ ಕಟ್ಟಿದ ಮೇರಿ ಲಯನ್ ಅದಕ್ಕೂ ಮೊದಲು ಹಿಚ್‌ಕಾಕ್ ಮನೆಯಲ್ಲಿ ಇದ್ದು ಓದಿದವರು. ಆಕೆ 1849ರಲ್ಲಿ ತೀರಿಕೊಂಡ ಮೇಲೆ ಹಿಚ್‌ಕಾಕ್ ಆಕೆಯ ಪತ್ರಗಳನ್ನು ಕೂಡಿಸಿ 1851ರಲ್ಲಿ ಜೀವನಚರಿತ್ರೆ ತಂದರು. ಅಧ್ಯಕ್ಷರ ಕೆಲಸದ ನಡುವೆ, ಕಾಯಿಲೆಯ ನಡುವೆ.

ಇನ್ನೊಂದು ಎಚ್ಚರಿಕೆ. 1845ರಲ್ಲಿ ಚಾರ್ಲ್ಸ್ ಡಾರ್ವಿನ್ ಅವರೇ ಹಿಚ್‌ಕಾಕ್ ಅವರಿಗೆ ಪತ್ರ ಬರೆದರು. ಈ ಹೆಜ್ಜೆಗಳು ಈ ಶತಮಾನದ ಬಹಳ ಕುತೂಹಲದ ಶೋಧಗಳಲ್ಲಿ ಒಂದು ಅಂತ ಹೊಗಳಿದರು. ಹಿಚ್‌ಕಾಕ್ ಅದನ್ನು ತಮ್ಮ ನೆನಪಿನ ಪುಸ್ತಕದಲ್ಲಿ ಅಚ್ಚು ಹಾಕಿದ್ದಾರೆ. ಸಂತೋಷಪಡಲಿ, ಅದಕ್ಕೆ ಅರ್ಹರು. ಆದರೆ ಅವರೇ ಆರಿಸಿ ಅಚ್ಚು ಹಾಕಿದ್ದು ಒಂದು ಬಗೆ. ಪೆಟ್ಟಿಗೆಯಲ್ಲಿ ಹಾಗೇ ಉಳಿದದ್ದು ಇನ್ನೊಂದು ಬಗೆ. ಎರಡನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ.

ಹಕ್ಕಿಯೋ ಸರೀಸೃಪವೋ ಅನ್ನುವುದೂ ನಿಮಗೆ ಎದುರಾಗುತ್ತದೆ. ಡೈನೊಸಾರ್ ಅನ್ನುವ ಗುಂಪಿನ ಹೆಸರು ಹುಟ್ಟಿದ್ದೇ 1842ರಲ್ಲಿ. ಆಗ ಅವುಗಳನ್ನು ನಾಲ್ಕು ಕಾಲಿನ ದಪ್ಪ ಪ್ರಾಣಿಗಳೆಂದೇ ಕಲ್ಪಿಸುತ್ತಿದ್ದರು. ಎರಡು ಕಾಲಿನ, ಮೂರು ಬೆರಳಿನ ನಡಿಗೆಗೆ ಹಕ್ಕಿಯೇ ಸರಿಯಾದ ಹೋಲಿಕೆ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ದೊಡ್ಡ ಮೂಳೆಗಳು ಸಿಕ್ಕಮೇಲೆ ಆ ಮಾತಿಗೆ ಇನ್ನೂ ಬಲ ಬಂತು. ಗಿಲ್ ಊರಿನ ರೈತ ರೋಸ್‌ವೆಲ್ ಫೀಲ್ಡ್ ಮಾತ್ರ ಇವೆಲ್ಲ ಸರೀಸೃಪಗಳದ್ದೇ ಅಂತ 1860ರ ಹೊತ್ತಿಗೆ ಬರೆದರು. ಅವರ ಹೊಲದಿಂದಲೇ ಎಷ್ಟೋ ಕಲ್ಲುಗಳು ಕಾಲೇಜಿಗೆ ಬಂದಿದ್ದವು. ಹಿಚ್‌ಕಾಕ್ ಕೊನೆಯವರೆಗೂ ಹಕ್ಕಿಯನ್ನು ಬಿಡಲಿಲ್ಲ. 1836ರಲ್ಲಿ ಬೇರೆ ಹೆಸರಿಟ್ಟುಕೊಂಡು ಆ ಮರಳುಗಲ್ಲಿನ ಹಕ್ಕಿಯ ಮೇಲೆ ಕವನವನ್ನೂ ಬರೆದಿದ್ದರು. ಮಾಯಗಾತಿ ಹಕ್ಕಿಯನ್ನು ಎಬ್ಬಿಸುತ್ತಾಳೆ. ಅದು ಈ ತಣ್ಣನೆಯ, ಕುಗ್ಗಿದ ಲೋಕ ನೋಡಿ ನೊಂದುಕೊಳ್ಳುತ್ತದೆ. ಇಂದು ಹಕ್ಕಿಗಳನ್ನೇ ಡೈನೊಸಾರ್ ವಂಶದವು ಅನ್ನುತ್ತೇವೆ. ಅವರು ದಾರಿ ತಪ್ಪಿದ್ದರು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹೇಗೆ ಶುರು ಮಾಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಬ್ಬರು ಬರೆದ ಪತ್ರ ಇನ್ನೊಬ್ಬರ ಮನೆಯಲ್ಲಿ ಉಳಿಯುತ್ತದೆ. ಹಾಗಾಗಿ ಆಮ್ಹರ್ಸ್ಟ್‌ನ ಕಟ್ಟಿನಲ್ಲಿ ಸಿಗುವುದು ಜಾಸ್ತಿ ಹಿಚ್‌ಕಾಕ್ ಅವರಿಗೆ ಬಂದ ಪತ್ರಗಳು. ಅವರು ಬರೆದದ್ದನ್ನು ಗೆಳೆಯರ ಸಂಗ್ರಹಗಳಲ್ಲಿ ಹುಡುಕಬೇಕು. ಸಿಲಿಮನ್ ಕುಟುಂಬದ ಕಾಗದಗಳು ಯೇಲ್‌ನಲ್ಲಿವೆ. ಒಂದು ನೋಟ್‌ಬುಕ್ಕಿನ ಎಡ ಪುಟದಲ್ಲಿ ಬಂದ ಪತ್ರ, ಬಲ ಪುಟದಲ್ಲಿ ಹೋದ ಪತ್ರ ಬರೆದುಕೊಳ್ಳಿ. ಉತ್ತರ ಸಿಗದಿದ್ದರೆ ಬಲ ಪುಟ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. 1835ರ ಮಾರ್ಚ್ 7ರ ಡೀನ್ ಪತ್ರವನ್ನು ಮೊದಲ ಎಡ ಪುಟಕ್ಕೆ ಹಾಕಿ. ಹಿಚ್‌ಕಾಕ್ ಅವರ ಅನುಮಾನದ ಉತ್ತರ ಅದರ ಎದುರಿಗೆ ಬರಲಿ.